ಸನ್ನಿಧಿಯೂ ಕಾರಣತ್ವವೂ

ಒಂದು ವಸ್ತುವು ಮತ್ತೊಂದರ ಬಳಿಯಲ್ಲಿ ಕಂಡುಬಂದ ಮಾತ್ರಕ್ಕೆ ಅವೆರಡಕ್ಕೂ ಕಾರ್ಯಕಾರಣಸಂಬಂಧವುಂಟೆಂದು ಹೇಳಬಹುದೇ? ಈ ಪ್ರಶ್ನೆಯು ತರ್ಕಶಾಸ್ತ್ರದ ಮೊದಲ ಪಾಠಗಳನ್ನು ಓದುವ ಬಾಲಕನಿಗೂ ಪರಿಚಿತವಾದುದು. ಕಾಗೆಯು ಬಂದು ಕುಳಿತುದೂ ತಾಳೆಯ ಹಣ್ಣು ಉದುರಿದುದೂ ಒಂದೇ ಕ್ಷಣದಲ್ಲಿ ನಡೆದರೆ, ಕಾಗೆಯೇ ಹಣ್ಣನ್ನು ಕೆಡವಿತೆಂದು ವಾದಿಸುವವನನ್ನು ನೋಡಿ ಲೋಕವು ನಗುತ್ತದೆ. ಕಾಕತಾಳೀಯವೆಂಬ ಮಾತು ಹುಟ್ಟಿದುದು ಈ ನಗೆಯಿಂದಲೇ. ಆದರೆ ಕಾಗೆಗಳು ಲಕ್ಷಗಟ್ಟಲೆಯಾಗಿ, ಹಣ್ಣುಗಳು ಕೋಟಿಗಟ್ಟಲೆಯಾಗಿ, ಅವನ್ನು ಎಣಿಸುವ ಕೆಲಸವು ಕಣ್ಣಿನಿಂದಾಗದೆ ಯಂತ್ರಕ್ಕೆ ಸೇರಿದರೆ, ಆಗ ನಗುವವರು ಯಾರೂ ಉಳಿಯುವುದಿಲ್ಲ. ಯಂತ್ರವು ಕೊಟ್ಟ ಪಟ್ಟಿಯನ್ನು ವಿದ್ವಾಂಸರೂ ತಲೆಬಾಗಿ ಸ್ವೀಕರಿಸುವ ಸಂಭವವುಂಟು. ಈ ಕಾಲದ ಜೀವಶಾಸ್ತ್ರದಲ್ಲಿ ಇಂತಹ ಒಂದು ಸಂದರ್ಭವು ಒದಗಿದೆ. ಅದನ್ನು ಸ್ವಲ್ಪ ವಿವರವಾಗಿ ನೋಡಿದರೆ, ಪ್ರಮಾಣವಿಚಾರವು ಕೇವಲ ಬುದ್ಧಿಯ ವ್ಯಾಯಾಮವಲ್ಲ, ಧರ್ಮದ ಪ್ರಶ್ನೆಯೂ ಹೌದೆಂಬುದು ವಿದಿತವಾಗುವುದು.

ಮನುಷ್ಯನ ಬಹುತೇಕ ಎಲ್ಲ ಜೀವಕೋಶಗಳ ಗರ್ಭದಲ್ಲಿಯೂ ಡಿ.ಎನ್.ಎ. ಎಂಬ ಸೂಕ್ಷ್ಮತಂತುವಿರುತ್ತದೆ. ಅದು ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥದಂತಿದ್ದು, ಒಂದು ಪ್ರತಿಯಲ್ಲಿ ಸುಮಾರು ೩೧೦ ಕೋಟಿ ಅಕ್ಷರಗಳನ್ನು ಒಳಗೊಂಡಿದೆ. ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಇರುವ ಗ್ರಂಥವು ಒಂದೇ. ಆದರೆ ಪಾರಾಯಣವು ಬೇರೆ ಬೇರೆ. ಯಾವ ಅಧ್ಯಾಯವನ್ನು ಎಲ್ಲಿ, ಯಾವಾಗ ಓದಬೇಕೆಂಬುದನ್ನು ನಿಯಮಿಸುವುದಕ್ಕೆ ಕೆಲವು ಪ್ರೋಟೀನುಗಳಿವೆ. ಮನುಷ್ಯನಲ್ಲಿ ಇಂತಹವು ಸುಮಾರು ೧೬೦೦ ಬಗೆಯವು. ಅವು ತಂತುವಿನ ಮೇಲೆ ಅಲ್ಲಲ್ಲಿ ಹೋಗಿ ಕುಳಿತು, ಸಮೀಪದ ಜೀನು ಎಂಬ ಭಾಗವನ್ನು ಉಚ್ಚರಿಸುವಂತೆ ಅಥವಾ ಮೌನವಾಗಿರುವಂತೆ ಮಾಡುತ್ತವೆ. ಈ ವ್ಯವಸ್ಥೆ ಕೆಟ್ಟಲ್ಲಿ ಅರ್ಬುದವೇ ಮೊದಲಾದ ವ್ಯಾಧಿಗಳು ತಲೆದೋರುವುದುಂಟು. ಆದುದರಿಂದ ಯಾವ ಪ್ರೋಟೀನು ಎಲ್ಲಿ ಕುಳಿತಿದೆಯೆಂದು ತಿಳಿಯುವುದು ಕುತೂಹಲಕ್ಕಾಗಿ ಮಾತ್ರವಲ್ಲ, ಆರ್ತರ ಹಿತಕ್ಕಾಗಿಯೂ ಅವಶ್ಯವಾದುದು.

ಇದನ್ನು ತಿಳಿಯುವ ಕ್ರಮವು ಹೀಗಿದೆ. ಜೀವಕೋಶಗಳಿಗೆ ಫಾರ್ಮಾಲ್ಡಿಹೈಡ್ ಎಂಬ ದ್ರವ್ಯವನ್ನು ಸೇರಿಸಿದರೆ, ಆ ಕ್ಷಣದಲ್ಲಿ ತಂತುವಿನ ಮೇಲೆ ಕುಳಿತ ಪ್ರೋಟೀನು ಅಲ್ಲಿಯೇ ಅಂಟಿಕೊಳ್ಳುತ್ತದೆ. ಬಳಿಕ ಶಬ್ದತರಂಗಗಳಿಂದ ತಂತುವನ್ನು ಕೆಲವು ನೂರು ಅಕ್ಷರಗಳಷ್ಟು ಉದ್ದದ ತುಂಡುಗಳಾಗಿ ಒಡೆಯುತ್ತಾರೆ. ಬೇಕಾದ ಪ್ರೋಟೀನನ್ನು ಮಾತ್ರ ಗುರುತಿಸಿ ಹಿಡಿಯುವ ಪ್ರತಿಕಾಯವೊಂದನ್ನು ಬಿಟ್ಟು, ಅದು ಹಿಡಿದುದನ್ನು ಮೇಲಕ್ಕೆಳೆದು, ಅಂಟನ್ನು ಕಾಯಿಸಿ ಬಿಡಿಸಿ, ದೊರೆತ ತುಂಡುಗಳ ಅಕ್ಷರಗಳನ್ನು ಯಂತ್ರದಿಂದ ಓದಿಸುತ್ತಾರೆ. ಒಂದು ಪರೀಕ್ಷೆಯಲ್ಲಿ ಕೋಟಿಯ ಮೇಲ್ಪಟ್ಟು ತುಂಡುಗಳನ್ನು ಓದಿಸುವುದು ಸಾಮಾನ್ಯ. ಪ್ರತಿಯೊಂದು ತುಂಡೂ ಮಹಾಗ್ರಂಥದ ಯಾವ ಪುಟದ್ದೆಂದು ಗಣಕಯಂತ್ರವು ಹುಡುಕಿ ಅಲ್ಲಿಡುತ್ತದೆ. ಪ್ರೋಟೀನು ಕುಳಿತಿದ್ದ ಎಡೆಯಲ್ಲಿ ತುಂಡುಗಳು ರಾಶಿಯಾಗಿ ಬೀಳುತ್ತವೆ. ಉಳಿದೆಡೆಯಲ್ಲಿ ವಿರಳವಾಗಿ ಚೆದುರಿರುತ್ತವೆ. ಚಿಪ್-ಸೀಕ್ ಎಂದು ಹೆಸರಾದ ಈ ವಿಧಾನವು ೨೦೦೭ರಲ್ಲಿ ಪ್ರಕಟವಾದ ಕೆಲವು ಸಂಶೋಧನೆಗಳಿಂದ ಪ್ರಚಾರಕ್ಕೆ ಬಂದಿತು. ಮರುವರ್ಷ, ಎಂದರೆ ೨೦೦೮ರಲ್ಲಿ, ಈ ರಾಶಿಗಳನ್ನು ಗುರುತಿಸುವ ಮ್ಯಾಕ್ಸ್ ಎಂಬ ತಂತ್ರಾಂಶವು ಅಮೆರಿಕದಿಂದ ಹೊರಬಂದು, ಲೋಕದ ಪ್ರಯೋಗಶಾಲೆಗಳಲ್ಲೆಲ್ಲ ಬಳಕೆಯಾಯಿತು.

ರಾಶಿಯನ್ನು ಗುರುತಿಸುವುದರಲ್ಲಿ ಕಷ್ಟವೇನಿದೆಯೆಂದು ವಾಚಕರು ಕೇಳಬಹುದು. ಕಷ್ಟವನ್ನು ತಿಳಿಯಲು ಮದ್ದೂರಿಗೆ ಹೊಂದಿಕೊಂಡ ಶಿವಪುರದ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ೧೯೩೮ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ಅಲ್ಲಿ ನೆರೆದಾಗ, ನಿಷೇಧಾಜ್ಞೆಯನ್ನು ಮೀರಿ ಟಿ. ಸಿದ್ಧಲಿಂಗಯ್ಯನವರ ಮುಂದಾಳುತನದಲ್ಲಿ ರಾಷ್ಟ್ರಧ್ವಜವನ್ನೇರಿಸಿದ ಧ್ವಜಸತ್ಯಾಗ್ರಹವು ಪ್ರಸಿದ್ಧವಾಗಿದೆ; ಅದರ ಸ್ಮಾರಕವಾದ ಸತ್ಯಾಗ್ರಹ ಸೌಧವು ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಹೋಗುವವರಿಗೆ ಇಂದಿಗೂ ಕಾಣುತ್ತದೆ. ಆ ದಿನ ಆಕಾಶದಲ್ಲಿ ನಿಂತು ಕೆಳಗೆ ನೋಡುತ್ತಿರುವ ಒಬ್ಬ ಗಣಕನಿದ್ದನೆಂದು ಕಲ್ಪಿಸಿಕೊಳ್ಳಬಹುದು. ಅವನಿಗೆ ಮನುಷ್ಯರು ಚುಕ್ಕೆಗಳಂತೆ ಕಾಣುವರೇ ಹೊರತು ಅವರ ಮಾತು ಕೇಳಿಸದು, ಧ್ವಜವೂ ಕಾಣದು. ಚುಕ್ಕೆಗಳ ದಟ್ಟಣೆಯಿಂದಲೇ ಎಲ್ಲಿ ವಿಶೇಷವೇನೋ ನಡೆದಿದೆಯೆಂದು ಅವನು ಊಹಿಸಬೇಕು. ಶಿವಪುರದ ಬಯಲಿನಲ್ಲಿ ದಟ್ಟಣೆ ಕಾಣುತ್ತದೆ, ನಿಜ. ಆದರೆ ಮದ್ದೂರಿನ ರೈಲುನಿಲ್ದಾಣದಲ್ಲಿಯೂ ದಟ್ಟಣೆ ಕಾಣುತ್ತದೆ. ಸಂತೆಯ ದಿನವಾಗಿದ್ದರೆ ಸಂತೆಮಾಳದಲ್ಲಿಯೂ ಕಾಣುತ್ತದೆ. ಈ ಮೂರರಲ್ಲಿ ಯಾವುದು ವಿಶೇಷ, ಯಾವುದು ನಿತ್ಯದ ವ್ಯವಹಾರ? ಚುಕ್ಕೆಗಳನ್ನು ಮಾತ್ರ ಎಣಿಸುವವನು ಇದಕ್ಕೆ ಉತ್ತರ ಹೇಳಲಾರನು. ವಿಶೇಷವೇನೂ ಇಲ್ಲದ ದಿನದಲ್ಲಿ ಆಯಾ ಸ್ಥಳಗಳಲ್ಲಿ ಎಷ್ಟು ಜನವಿರುತ್ತಾರೆಂಬ ಲೆಕ್ಕವು ಅವನ ಕೈಯಲ್ಲಿರಬೇಕು. ನಿಲ್ದಾಣದ ಜನವನ್ನು ನಿಲ್ದಾಣದ ನಿತ್ಯದ ಜನಕ್ಕೆ ಹೋಲಿಸಬೇಕೇ ಹೊರತು, ಹೊಲಗದ್ದೆಗಳೂ ಸೇರಿದ ಇಡೀ ತಾಲ್ಲೂಕಿನ ಸರಾಸರಿಗೆ ಹೋಲಿಸಿದರೆ ನಿಲ್ದಾಣವು ಪ್ರತಿದಿನವೂ ಮಹೋತ್ಸವದಂತೆ ತೋರುವುದು.

ಮ್ಯಾಕ್ಸ್ ಮೊದಲಾದ ಸಾಧನಗಳು ಮಾಡುವ ಕೆಲಸವು ಇದೇ. ಪ್ರತಿಕಾಯವನ್ನು ಬಿಡದೆ, ಒಡೆದ ತಂತುವಿನ ಒಂದು ಪಾಲನ್ನು ಹಾಗೆಯೇ ಓದಿಸಿದ ಲೆಕ್ಕವನ್ನು ಜೊತೆಗಿಟ್ಟುಕೊಳ್ಳುವರು. ಇದು ನಿತ್ಯದ ದಿನದ ಜನಸಂಖ್ಯೆಯಿದ್ದಂತೆ. ಯಾವುದೋ ಎಡೆಯಲ್ಲಿ ರಾಶಿ ಕಂಡರೆ, ತಂತ್ರಾಂಶವು ಇಡೀ ಗ್ರಂಥದ ಸರಾಸರಿಯನ್ನು ಮಾತ್ರ ನೋಡುವುದಿಲ್ಲ. ಆ ಎಡೆಯ ಸುತ್ತಣ ಸಾವಿರ, ಐದು ಸಾವಿರ, ಹತ್ತು ಸಾವಿರ ಅಕ್ಷರಗಳ ನೆರೆಯಲ್ಲಿ ನಿತ್ಯದ ದಟ್ಟಣೆ ಎಷ್ಟೆಂಬುದನ್ನೂ ನೋಡಿ, ಅವುಗಳಲ್ಲಿ ಅತ್ಯಧಿಕವಾದುದನ್ನೇ ತನ್ನ ಅಳತೆಗೋಲಾಗಿ ಹಿಡಿಯುತ್ತದೆ. ಎಂದರೆ, ಸಂದೇಹವು ಎಲ್ಲಿ ಹೆಚ್ಚೋ ಅದನ್ನೇ ಎದುರಾಳಿಯಾಗಿ ನಿಲ್ಲಿಸಿಕೊಂಡು ಗೆಲ್ಲಲು ಯತ್ನಿಸುತ್ತದೆ. ಅಷ್ಟರ ಮೇಲೆಯೂ, ಇಂತಹ ರಾಶಿಯು ಆಕಸ್ಮಿಕವಾಗಿ ಬೀಳುವ ಸಂಭವವು ಲಕ್ಷಕ್ಕೊಂದಕ್ಕಿಂತ ಕಡಮೆಯಾದರೆ ಮಾತ್ರ ಒಪ್ಪತಕ್ಕದ್ದೆಂದು ಮೊದಲ ರೂಪದಲ್ಲಿ ನಿಯಮವಿತ್ತು. ಲಕ್ಷಕ್ಕೊಂದೆಂಬುದು ಕೇಳುವುದಕ್ಕೆ ಕಠಿಣವಾಗಿ ತೋರಿದರೂ, ಒಂದು ಕೋಟಿ ಎಡೆಗಳಲ್ಲಿ ಪರೀಕ್ಷಿಸಿದಾಗ ಕೇವಲ ಆಕಸ್ಮಿಕದಿಂದಲೇ ನೂರು ರಾಶಿಗಳು ಈ ನಿಯಮವನ್ನು ದಾಟಿ ಬರುವವು. ಈ ದೋಷವನ್ನು ಅಳೆಯುವ ಗಣಿತವನ್ನು ಬೆಂಜಮಿನಿ, ಹಾಖ್‌ಬರ್ಗ್ ಎಂಬ ಇಬ್ಬರು ೧೯೯೫ರಲ್ಲಿ ಪ್ರತಿಪಾದಿಸಿದ್ದರು. ಮ್ಯಾಕ್ಸ್‌ನ ಮೊದಲ ರೂಪದಲ್ಲಿ ಇನ್ನೊಂದು ಆತ್ಮಪರೀಕ್ಷೆಯೂ ಇತ್ತು. ನಿಜವಾದ ಪರೀಕ್ಷೆಯ ಲೆಕ್ಕವನ್ನೂ ನಿತ್ಯದ ಲೆಕ್ಕವನ್ನೂ ಅದಲುಬದಲು ಮಾಡಿ, ಏನೂ ಇರಬಾರದ ಕಡೆಯಲ್ಲಿ ಎಷ್ಟು ರಾಶಿಗಳು ತೋರುತ್ತವೆಯೆಂದು ನೋಡುವುದು. ಹಾಗೆ ತೋರಿದವುಗಳ ಸಂಖ್ಯೆಯೇ ತನ್ನ ಭ್ರಮೆಯ ಪ್ರಮಾಣ. ವಾದಿಯು ಪ್ರತಿವಾದಿಯ ಪೀಠದಲ್ಲಿ ಕುಳಿತು ತನ್ನ ವಾದವನ್ನು ತಾನೇ ಖಂಡಿಸಲು ಯತ್ನಿಸುವ ಈ ಪದ್ಧತಿಯು ಶಾಸ್ತ್ರಾರ್ಥಸಭೆಗಳಲ್ಲಿಯೂ ದುರ್ಲಭವಾದುದು.

ಇಷ್ಟು ಎಚ್ಚರಿಕೆಯನ್ನು ಸಾಧನದೊಳಗೆ ಹೆಣೆದ ಬಳಿಕ ಮನುಷ್ಯನಿಗೆ ಉಳಿಯುವ ಕರ್ತವ್ಯವೇನು? ಬತ್ತವನ್ನು ಒಕ್ಕಿದ ಮೇಲೆ ಜರಡಿ ಹಿಡಿಯುವುದನ್ನು ಮಂಡ್ಯದ ಸೀಮೆಯಲ್ಲಿ ಕಾಣದವರಿಲ್ಲ. ಜರಡಿಯು ಯಾವುದು ಕಾಳು, ಯಾವುದು ಕಲ್ಲು ಎಂದು ಅರಿಯದು. ತನ್ನ ಕಣ್ಣಿಗಿಂತ ಚಿಕ್ಕದಾದುದನ್ನು ಕೆಳಗೆ ಬಿಡುತ್ತದೆ, ದೊಡ್ಡದಾದುದನ್ನು ಉಳಿಸಿಕೊಳ್ಳುತ್ತದೆ. ಎಷ್ಟು ಕಣ್ಣಿನ ಜರಡಿಯನ್ನು ಹಿಡಿಯಬೇಕೆಂಬುದು ಹಿಡಿಯುವವನ ವಿವೇಕ. ತಂತ್ರಾಂಶದ ಮಿತಿಯೂ ಹಾಗೆಯೇ. ಮಿತಿಯನ್ನು ಬಿಗಿಗೊಳಿಸಿದರೆ ರಾಶಿಗಳ ಪಟ್ಟಿ ಕಿರಿದಾಗುವುದು, ಸಡಲಿಸಿದರೆ ಹಿರಿದಾಗುವುದು. ಇದರಲ್ಲಿ ದೋಷವಿಲ್ಲ. ದೋಷವು ಎಲ್ಲಿ ಪ್ರವೇಶಿಸುವುದೆಂದರೆ, ಸಂಶೋಧಕನು ಮೊದಲು ಪಟ್ಟಿಯನ್ನು ನೋಡಿ, ತಾನು ಬಯಸಿದ ಜೀನು ಅದರಲ್ಲಿಲ್ಲವೆಂದು ಕಂಡು, ಅದು ಒಳಗೆ ಬರುವ ತನಕ ಮಿತಿಯನ್ನು ಸಡಲಿಸಿ, ಕೊನೆಗೆ ದೊರೆತ ಪಟ್ಟಿಯನ್ನು ಮಾತ್ರ ಲೋಕದ ಮುಂದಿಟ್ಟಾಗ. ಅವನು ಹೇಳಿದ ಒಂದು ಅಂಕಿಯೂ ಸುಳ್ಳಲ್ಲ. ಆದರೂ ಅವನು ಹೇಳಿದುದು ಸತ್ಯವಲ್ಲ. ಅಳೆಯುವ ಮೊದಲೇ ಕೊಳಗವನ್ನು ತೋರಿಸುವ ವ್ಯಾಪಾರಿಗೂ, ಕಾಳಿನ ರಾಶಿಯನ್ನು ನೋಡಿದ ಮೇಲೆ ಕೊಳಗವನ್ನು ಆರಿಸಿಕೊಳ್ಳುವ ವ್ಯಾಪಾರಿಗೂ ಇರುವ ಅಂತರವನ್ನು ಸಂತೆಯಲ್ಲಿ ಎಲ್ಲರೂ ಬಲ್ಲರು. ವಿದ್ಯೆಯ ಸಂತೆಯಲ್ಲಿಯೂ ಅದೇ ನ್ಯಾಯ ಸಲ್ಲಬೇಕು.

ಹೀಗೆ ನಡೆದುಕೊಂಡರೂ ಭ್ರಾಂತಿಯು ಪೂರ್ಣವಾಗಿ ನಿವೃತ್ತವಾಗುವುದೆಂದು ಹೇಳುವಂತಿಲ್ಲ. ೨೦೧೩ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ವೃತ್ತಾಂತವೊಂದು ಇದಕ್ಕೆ ನಿದರ್ಶನ. ಹಿಟ್ಟನ್ನು ಹುದುಗಿಸುವ ಯೀಸ್ಟ್ ಎಂಬ ಸೂಕ್ಷ್ಮಜೀವಿಯಲ್ಲಿ ಜೀನುಗಳನ್ನು ಮೌನಗೊಳಿಸುವುದೇ ಉದ್ಯೋಗವಾದ ಮೂರು ಪ್ರೋಟೀನುಗಳಿವೆ. ಇವು ಎಲ್ಲೆಲ್ಲಿ ಕುಳಿತಿವೆಯೆಂದು ಪರೀಕ್ಷಿಸಿದಾಗ, ನಿರೀಕ್ಷಿಸದ ೨೩೮ ಎಡೆಗಳಲ್ಲಿ ಮೂರೂ ರಾಶಿರಾಶಿಯಾಗಿ ಕಂಡವು. ವಿಚಿತ್ರವೆಂದರೆ, ಆ ಎಡೆಗಳೆಲ್ಲವೂ ಅತ್ಯಂತ ವಾಚಾಳವಾದ ಜೀನುಗಳ ಪ್ರದೇಶದಲ್ಲಿದ್ದವು. ಮೌನಗೊಳಿಸುವವನು ಗದ್ದಲದ ನಡುವೆಯೇ ಮನೆ ಮಾಡಿರುವುದೇಕೆ? ಇದೊಂದು ಹೊಸ ಸಿದ್ಧಾಂತಕ್ಕೆ ಆಧಾರವೆಂದು ಸಾರಿ ಕೀರ್ತಿಯನ್ನು ಗಳಿಸುವುದಕ್ಕೆ ಅವಕಾಶವಿತ್ತು. ಆ ಸಂಶೋಧಕರು ಹಾಗೆ ಮಾಡಲಿಲ್ಲ. ಇತರರು ಮೊದಲೇ ಪ್ರಕಟಿಸಿದ್ದ ಲೆಕ್ಕಗಳನ್ನು ತೆಗೆದು ನೋಡಿದಾಗ, ಇವಕ್ಕೆ ಏನೂ ಸಂಬಂಧವಿಲ್ಲದ ಬೇರೆ ಪ್ರೋಟೀನುಗಳೂ ಅದೇ ಎಡೆಗಳಲ್ಲಿ ಕಂಡವು. ಆಗ ಅವರು ಕಡಲಿನ ಲೋಳೆಮೀನಿನಿಂದ ಮೊದಲು ದೊರೆತ, ಯೀಸ್ಟಿನಲ್ಲಿ ಯಾವ ಕರ್ತವ್ಯವೂ ಇಲ್ಲದ, ಹಸುರಾಗಿ ಹೊಳೆಯುವ ಪ್ರೋಟೀನೊಂದನ್ನು ಜೀವಕೋಶದ ಗರ್ಭಕ್ಕೆ ಸೇರಿಸಿ ಅದೇ ಪರೀಕ್ಷೆಯನ್ನು ಮಾಡಿದರು. ಅದೂ ಅಲ್ಲಿಯೇ ಕಂಡಿತು! ಎಂದ ಮೇಲೆ ಆ ರಾಶಿಗಳು ಪ್ರೋಟೀನಿನ ಸ್ವಭಾವದಿಂದಲ್ಲ, ಪರೀಕ್ಷಾಕ್ರಮದ ಸ್ವಭಾವದಿಂದಲೇ ಹುಟ್ಟಿದುವೆಂಬ ಶಂಕೆ ಬಲವಾಯಿತು. ಹೊಗೆಗೆ ಹಸಿಯ ಸೌದೆಯಂತೆ ಇದು ಮರೆಯಲ್ಲಿದ್ದ ಉಪಾಧಿ. ತಂತ್ರಾಂಶದ ಗಣಿತವು ಇಲ್ಲಿ ತಪ್ಪಲಿಲ್ಲ. ರಾಶಿಗಳು ನಿಜವಾಗಿಯೇ ಇದ್ದವು. ಅವುಗಳ ಅರ್ಥದಲ್ಲಿ ಮಾತ್ರ ಭ್ರಾಂತಿಗೆ ಎಡೆಯಿತ್ತು. ಗಣಿತವು ಕಾಣದ ಈ ದೋಷವನ್ನು ಕಂಡುದು, ತನಗೆ ಪ್ರಿಯವಾದ ಫಲವನ್ನೇ ಮೊದಲು ಸಂದೇಹಿಸಿದ ಮನಸ್ಸು.

ಇನ್ನು, ರಾಶಿಯು ಸತ್ಯವೆಂದೂ ಪ್ರೋಟೀನು ಅಲ್ಲಿ ನಿಜವಾಗಿಯೇ ಕುಳಿತಿತ್ತೆಂದೂ ಒಪ್ಪಿದ ಮೇಲೆ ಇನ್ನೂ ದೊಡ್ಡ ಪ್ರಶ್ನೆಯೊಂದು ಉಳಿಯುತ್ತದೆ. ಕುಳಿತ ಮಾತ್ರಕ್ಕೆ ಅದು ಆಳುತ್ತದೆಯೇ? ನೈಯಾಯಿಕರು ಈ ವಿಷಯದಲ್ಲಿ ಕುಂಬಾರನ ಕತ್ತೆಯನ್ನು ಉದಾಹರಿಸುತ್ತಾರೆ. ಗಡಿಗೆ ಹುಟ್ಟುವ ಮುನ್ನ ಮಣ್ಣನ್ನು ಹೊತ್ತು ತಂದ ಕತ್ತೆಯು ಅಲ್ಲಿಯೇ ನಿಂತಿರುತ್ತದೆ. ಆದರೆ ಅದು ಗಡಿಗೆಗೆ ಕಾರಣವಲ್ಲ, ಅನ್ಯಥಾಸಿದ್ಧ. ಮಣ್ಣು ಬೇರೆ ವಿಧದಿಂದ ಬಂದಿದ್ದರೂ ಗಡಿಗೆ ಆಗುತ್ತಿತ್ತು. ಶಿವಪುರದ ಬಯಲಿನಲ್ಲಿ ಧ್ವಜದ ಕಂಬದ ಸಮೀಪದಲ್ಲಿ ಇದ್ದವರೆಲ್ಲರೂ ಸತ್ಯಾಗ್ರಹಿಗಳೇನು? ಧ್ವಜವನ್ನು ತಡೆಯಲು ಬಂದ ಪೋಲೀಸಿನವರೂ ಹತ್ತಿರದಲ್ಲಿಯೇ ಇದ್ದರು. ಆಕಾಶದ ಗಣಕನ ಕಣ್ಣಿಗೆ ಧ್ವಜವನ್ನೇರಿಸುವವನೂ ಅದನ್ನು ತಡೆಯುವವನೂ ಸುಮ್ಮನೆ ನೋಡುತ್ತ ನಿಂತವನೂ ಒಂದೇ ತೆರನಾದ ಚುಕ್ಕೆಗಳು. ೨೦೧೨ನೆಯ ಸೆಪ್ಟೆಂಬರಿನಲ್ಲಿ ಎನ್‌ಕೋಡ್ ಎಂಬ ಬಹುದೇಶೀಯ ವಿದ್ವತ್ಸಂಘವು, ಮನುಷ್ಯನ ಡಿ.ಎನ್.ಎ.ಯಲ್ಲಿ ನೂರಕ್ಕೆ ೮೦ ಭಾಗದಷ್ಟಕ್ಕೆ ಜೀವರಾಸಾಯನಿಕ ಕಾರ್ಯವುಂಟೆಂದು ಪ್ರಕಟಿಸಿದಾಗ, ಎದ್ದ ತೀವ್ರವಾದ ಆಕ್ಷೇಪಣೆಯ ತಿರುಳು ಇದೇ ಆಗಿತ್ತು. ಪ್ರೋಟೀನು ಸೋಂಕಿದುದು, ಅಕ್ಷರಗಳು ನಕಲಾದುದು, ಇವೇ ಮೊದಲಾದ ಗುರುತುಗಳನ್ನೆಲ್ಲ ‘ಕಾರ್ಯ’ವೆಂದು ಕರೆದರೆ, ಆ ಶಬ್ದಕ್ಕೆ ಲೋಕದಲ್ಲಿರುವ ಅರ್ಥವೇ ಕೆಡುವುದೆಂದು ಆಕ್ಷೇಪಿಸಿದವರು ವಾದಿಸಿದರು.

ಹಾಗಾದರೆ ಕಾರಣವನ್ನು ಗುರುತಿಸುವ ಉಪಾಯವೇನು? ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು ಎಂಬ ಅನ್ವಯವ್ಯತಿರೇಕಗಳೇ ಉಪಾಯ. ರಾಶಿಗಳ ಪಟ್ಟಿಯು ಅನ್ವಯವನ್ನು ಮಾತ್ರ ಸೂಚಿಸುತ್ತದೆ. ವ್ಯತಿರೇಕವನ್ನು ಬೇರೆಯಾಗಿಯೇ ಸಂಪಾದಿಸಬೇಕು. ಕನ್ನಡನಾಡಿನಲ್ಲಿಯೇ ನಡೆದ ಸಂಶೋಧನೆಯೊಂದು ಇದನ್ನು ಚೆನ್ನಾಗಿ ತೋರಿಸಿಕೊಡುತ್ತದೆ. ಮೈಸೂರಿನಲ್ಲಿ ೧೯೪೮ರಲ್ಲಿ ಜನಿಸಿ ೨೦೨೩ರಲ್ಲಿ ದಿವಂಗತರಾದ ಪ್ರೊಫೆಸರ್ ಎಂ. ಆರ್. ಎಸ್. ರಾವ್ ಅವರು ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಶಿಷ್ಯರೊಡನೆ ‘ಎಂ.ಆರ್.ಎಚ್.ಎಲ್.’ ಎಂಬ ಆರ್.ಎನ್.ಎ.ಯೊಂದನ್ನು ಅಭ್ಯಾಸ ಮಾಡಿದರು. ಇದು ಪ್ರೋಟೀನಲ್ಲವಾದರೂ ಪ್ರೋಟೀನಿನಂತೆಯೇ ಡಿ.ಎನ್.ಎ. ಇರುವೆಡೆಗೆ ಹೋಗಿ ಸೇರುವಂಥದು. ರಾಶಿಗಳನ್ನು ಗುರುತಿಸುವ ಸಮಸ್ಯೆಯೂ ಎರಡಕ್ಕೂ ಒಂದೇ. ಇಲಿಯ ಶುಕ್ರಾಣುಗಳಿಗೆ ಮೂಲವಾದ ಜೀವಕೋಶಗಳಲ್ಲಿ ಇದು ಸಂಖ್ಯಾಶಾಸ್ತ್ರದ ಮಿತಿಯನ್ನು ದಾಟಿ ೧೩೭೦ ಎಡೆಗಳಲ್ಲಿ ಕಂಡುಬಂದಿತೆಂದು ೨೦೧೪ರಲ್ಲಿ ಅವರು ಪ್ರಕಟಿಸಿದರು. ಆದರೆ ಅಷ್ಟಕ್ಕೆ ನಿಲ್ಲಲಿಲ್ಲ. ಆ ಆರ್.ಎನ್.ಎ.ಯ ಪ್ರಮಾಣವನ್ನು ಜೀವಕೋಶದಲ್ಲಿ ತಗ್ಗಿಸಿ, ಆಗ ಯಾವ ಯಾವ ಜೀನುಗಳ ನಡವಳಿಕೆ ವ್ಯತ್ಯಾಸವಾಗುತ್ತದೆಯೆಂದು ನೋಡಿದರು. ಎರಡೂ ಲಕ್ಷಣಗಳು, ಎಂದರೆ ಸಾನ್ನಿಧ್ಯವೂ ವ್ಯತಿರೇಕದಲ್ಲಿ ವ್ಯತ್ಯಾಸವೂ, ಒಟ್ಟಿಗೆ ಕಂಡುದು ೩೭ ಎಡೆಗಳಲ್ಲಿ ಮಾತ್ರ. ಸಾವಿರದ ಮುನ್ನೂರೆಪ್ಪತ್ತೆಲ್ಲಿ, ಮೂವತ್ತೇಳೆಲ್ಲಿ! ನೂರಕ್ಕೆ ಮೂರೂ ಇಲ್ಲ. ಅವರು ಆ ಮೂವತ್ತೇಳಕ್ಕೆ ಮಾತ್ರ ‘ಇದರ ಭೌತಿಕ ಸಂಪರ್ಕದಿಂದ ನಿಯಮಿತವಾದ ಜೀನುಗಳು’ ಎಂಬ ಅರ್ಥದ ಬೇರೆ ಹೆಸರನ್ನಿಟ್ಟರು. ದೊಡ್ಡ ಸಂಖ್ಯೆಯಿಂದ ಚಿಕ್ಕ ಸಂಖ್ಯೆಗೆ ಇಳಿಯುವುದರಲ್ಲಿ ಶಾಸ್ತ್ರಕ್ಕೆ ಲಾಭವೇ ಹೊರತು ನಷ್ಟವಿಲ್ಲ.

ಉಳಿದ ಸಾವಿರದ ಮುನ್ನೂರ ಮೂವತ್ತಮೂರು ಎಡೆಗಳ ಸಂಪರ್ಕವು ವ್ಯರ್ಥವೆಂದು ಇದರಿಂದ ಹೇಳಬಹುದೇ? ಅದೂ ದುಡುಕು. ವಸ್ತುವು ಕಾಣದಿದ್ದರೆ ಇಲ್ಲವೆಂದು ನಿಶ್ಚಯಿಸಬೇಕಾದರೆ, ಇದ್ದಿದ್ದರೆ ಕಾಣಲೇಬೇಕಾಗಿತ್ತೆಂಬ ಯೋಗ್ಯತೆಯು ಮೊದಲು ಸಿದ್ಧವಾಗಬೇಕೆಂದು ಮೀಮಾಂಸಕರು ಹೇಳುತ್ತಾರೆ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವಾದರೆ ಗಡಿಗೆ ಇಲ್ಲವೆಂದಾಗಲಿಲ್ಲ. ಆ ಎಡೆಗಳ ಪ್ರಭಾವವು ಜೀವಿಯ ಬೇರೊಂದು ಅವಸ್ಥೆಯಲ್ಲಿ ತೋರಬಹುದು. ಒಂದು ಕೈಬಿಟ್ಟಾಗ ಅದರ ಕೆಲಸವನ್ನು ಇನ್ನೊಂದು ಕೈಗೊಳ್ಳುತ್ತಿರಬಹುದು. ಆದುದರಿಂದ ಮೂವತ್ತೇಳರ ವಿಷಯದಲ್ಲಿ ‘ಉಂಟು’ ಎಂದೂ, ಉಳಿದವುಗಳ ವಿಷಯದಲ್ಲಿ ‘ಇನ್ನೂ ಸಿದ್ಧವಾಗಿಲ್ಲ’ ಎಂದೂ ಹೇಳಬೇಕೇ ಹೊರತು ‘ಇಲ್ಲ’ ಎನ್ನಲಾಗದು. ಉಂಟು, ಇಲ್ಲ, ಸಿದ್ಧವಾಗಿಲ್ಲ ಎಂಬ ಮೂರನ್ನೂ ಬೇರೆ ಬೇರೆಯಾಗಿ ಹಿಡಿಯಬಲ್ಲ ನಾಲಗೆಯೇ ವಿದ್ಯಾವಂತನ ನಾಲಗೆ.

ಇಲ್ಲಿ ಪೂರ್ವಪಕ್ಷವೊಂದುಂಟು. ಇಷ್ಟೆಲ್ಲ ಸಂದೇಹಪಡುತ್ತ ಕುಳಿತರೆ ಸಂಶೋಧನೆಯು ಮುಂದುವರಿಯುವುದೆಂತು? ಸಾಧನವನ್ನು ರಚಿಸಿದವರು ಮಹಾಪಂಡಿತರು; ಅದು ಹೇಳಿದುದನ್ನು ಹಾಗೆಯೇ ಬರೆದರೆ ಬರೆದವನ ಮೇಲೆ ದೋಷವೇಕೆ? ಈ ಆಕ್ಷೇಪಣೆಯಲ್ಲಿ ಸ್ವಲ್ಪ ಸತ್ಯವಿದೆ. ಪಟ್ಟಿಯಿಲ್ಲದೆ ವ್ಯತಿರೇಕಪರೀಕ್ಷೆಗೆ ಕೈಹಾಕುವುದು ಕಣ್ಣು ಕಟ್ಟಿಕೊಂಡು ಕಾಡಿಗೆ ಹೋದಂತೆ. ಸಾವಿರ ಎಡೆಗಳನ್ನು ಮೊದಲು ಗುರುತಿಸಿದುದರಿಂದಲೇ ಮೂವತ್ತೇಳು ದೊರೆತವು. ಸಾಧನಗಳು ಸುಲಭವಾಗುವುದೂ ಹಿತವೇ. ಭಾರತೀಯ ವಿಜ್ಞಾನಮಂದಿರದ ನಾಲ್ವರು ಅಧ್ಯಾಪಕರು ೨೦೦೦ದಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸ್ಟ್ರ್ಯಾಂಡ್ ಸಂಸ್ಥೆಯು ಸಿದ್ಧಗೊಳಿಸಿದ ತಂತ್ರಾಂಶದಲ್ಲಿ ಚಿಪ್-ಸೀಕ್ ಲೆಕ್ಕಗಳ ವಿಭಾಗವೂ ಇದ್ದು, ಗಣಕಭಾಷೆಯನ್ನರಿಯದ ಜೀವಶಾಸ್ತ್ರಜ್ಞನೂ ಗುಂಡಿಗಳನ್ನೊತ್ತಿ ಪಟ್ಟಿಯನ್ನು ಪಡೆಯುವಂತಾಯಿತು. ಆದರೆ ಕೆಲಸವು ಸುಲಭವಾದಷ್ಟೂ ಕರ್ತವ್ಯವು ಹಗುರವಾಗುವುದಿಲ್ಲ. ತಕ್ಕಡಿಯನ್ನು ಮಾಡಿದ ಕಮ್ಮಾರನು ತೂಕಕ್ಕೆ ಹೊಣೆಗಾರನಲ್ಲ. ತಕ್ಕಡಿಯನ್ನು ಹಿಡಿದವನೇ ಹೊಣೆಗಾರನು. ಸಾಧನವು ‘ಇಲ್ಲಿ ನಿತ್ಯಕ್ಕಿಂತ ಹೆಚ್ಚು ದಟ್ಟಣೆಯಿದೆ’ ಎಂದಷ್ಟೇ ಹೇಳಿತು. ‘ಇದೇ ಈ ವ್ಯಾಧಿಗೆ ಮೂಲ’ ಎಂದುದು ಮನುಷ್ಯನು. ಎರಡು ವಾಕ್ಯಗಳ ನಡುವಣ ಅಂತರವನ್ನು ದಾಟಿದವನು ತಾನು ದಾಟಿದೆನೆಂದು ಒಪ್ಪಿಕೊಳ್ಳಬೇಕು. ಯಂತ್ರವೇ ದಾಟಿಸಿತೆನ್ನುವುದು ಅಸತ್ಯ.

ಈ ಅಸತ್ಯದ ಫಲವನ್ನು ಅನುಭವಿಸುವವರು ಬೇರೆಯವರು. ಒಂದು ತಪ್ಪು ಪಟ್ಟಿಯನ್ನು ನಂಬಿ, ಎಲ್ಲಿಯೋ ಒಬ್ಬ ಬಡ ವಿದ್ಯಾರ್ಥಿಯು ಇಲ್ಲದ ಸಂಬಂಧವನ್ನು ಹುಡುಕುತ್ತ ತನ್ನ ಯೌವನದ ಮೂರು ನಾಲ್ಕು ವರ್ಷಗಳನ್ನು ಕಳೆಯಬಹುದು. ಪ್ರಜೆಗಳು ತೆತ್ತ ಕಂದಾಯದ ಹಣವು ಆ ದಾರಿಯಲ್ಲಿ ಹರಿದುಹೋಗಬಹುದು. ಔಷಧವನ್ನು ಎದುರುನೋಡುತ್ತಿರುವ ರೋಗಿಯ ಮನೆಯವರಿಗೆ ಆಶೆಯೊಂದು ಹುಟ್ಟಿ, ಹಣವೂ ಕಾಲವೂ ವ್ಯಯವಾಗಿ, ಕೊನೆಗೆ ಆ ಆಶೆಯೇ ಮುರಿಯಬಹುದು. ಇವರಾರಿಗೂ ಮಿತಿಯನ್ನು ಸಡಲಿಸಿದ ಕೈಯ ಪರಿಚಯವಿಲ್ಲ. ಅದನ್ನು ಪ್ರಶ್ನಿಸುವ ಸಾಮರ್ಥ್ಯವೂ ಇಲ್ಲ. ತನ್ನನ್ನು ಪ್ರಶ್ನಿಸಲಾರದವರ ವಿಷಯದಲ್ಲಿ ಮನುಷ್ಯನು ಹೇಗೆ ನಡೆದುಕೊಳ್ಳುತ್ತಾನೆಂಬುದೇ ಅವನ ಧರ್ಮಕ್ಕೆ ಒರೆಗಲ್ಲು. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವವನಿಗೆ ಎದುರುಪಕ್ಷದ ವಕೀಲನ ಭಯವಿರುತ್ತದೆ. ಪ್ರಯೋಗಶಾಲೆಯ ಏಕಾಂತದಲ್ಲಿ ಗಣಕಯಂತ್ರದ ಮುಂದೆ ಕುಳಿತವನಿಗೆ ಆ ಭಯವಿಲ್ಲ; ಅಲ್ಲಿ ಎದುರುಪಕ್ಷವೂ ಅವನೇ ಆಗಬೇಕು.

ಆದುದರಿಂದ ಈ ಶಾಸ್ತ್ರದಲ್ಲಿ ಪ್ರವೃತ್ತರಾಗುವ ತರುಣರಿಗೆ ಗಣಿತದೊಂದಿಗೆ ಕೆಲವು ನಿಯಮಗಳನ್ನೂ ಕಲಿಸುವುದು ಯುಕ್ತ. ನಿತ್ಯದ ಲೆಕ್ಕವಿಲ್ಲದೆ ವಿಶೇಷವನ್ನು ಸಾರಬಾರದು. ಮಿತಿಯನ್ನು ಫಲಕ್ಕಿಂತ ಮೊದಲು ನಿಶ್ಚಯಿಸಬೇಕು. ಬದಲಾಯಿಸಿದರೆ ಬದಲಾಯಿಸಿದುದನ್ನೂ ಬರೆಯಬೇಕು. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಎರಡು ಸಲವೂ ಕಂಡುದನ್ನೇ ಹೆಚ್ಚಾಗಿ ನಂಬಬೇಕು. ವ್ಯತಿರೇಕವು ದೊರೆಯುವ ತನಕ ‘ಸಮೀಪದಲ್ಲಿದೆ’ ಎಂಬ ಮಾತಿನ ಜಾಗದಲ್ಲಿ ‘ಆಳುತ್ತದೆ’ ಎಂಬ ಮಾತನ್ನು ಇಡಬಾರದು. ಇವುಗಳಲ್ಲಿ ಒಂದೂ ಹೊಸದಲ್ಲ. ಪಾಠಶಾಲೆಯ ಜಗಲಿಯಲ್ಲಿ ಕುಳಿತು ಹೊಗೆ, ಬೆಂಕಿ, ಗಡಿಗೆ, ಕತ್ತೆ ಎಂದು ಬಾಯಿಪಾಠ ಮಾಡಿದ ಹುಡುಗರೂ ಇವನ್ನು ಬೇರೆ ಮಾತುಗಳಲ್ಲಿ ಕಲಿತಿದ್ದರು. ಮೂರು ನೂರು ಕೋಟಿ ಅಕ್ಷರಗಳ ಗ್ರಂಥವನ್ನು ಓದುವ ಶಕ್ತಿಯು ಮನುಷ್ಯನಿಗೆ ಈಗ ಬಂದಿದೆ. ಅದರಲ್ಲಿ ಬರೆದಿಲ್ಲದುದನ್ನು ಬರೆದಿದೆಯೆಂದು ಹೇಳದಿರುವ ಸಂಯಮವನ್ನು ಮಾತ್ರ ಪ್ರತಿಯೊಬ್ಬ ಓದುಗನೂ ತಾನೇ ಸಂಪಾದಿಸಿಕೊಳ್ಳಬೇಕಾಗಿದೆ.